ಏಳನೇ ನಂಬರಿನ ಮೂಕ ಬೆದೆ

ಒಂದಾನೊಂದು ಕಾಲದಲ್ಲಿ, ಅಂದರೆ ತೀರ ದೂರದ ಕಾಲದಲ್ಲೇನಲ್ಲ, ಬಸ್ಸು ಫೋನು ಎಲ್ಲ ಬಂದಾದ ಮೇಲಿನ ಕಾಲದಲ್ಲೇ, ಒಂದು ಗುಡ್ಡವಿತ್ತು. ಗುಡ್ಡದ ಮೇಲೆ ಕಾಡು, ಕಾಡಿನಲ್ಲಿ ಹನ್ನೆರಡು ಹಸು. ಗುಡ್ಡದ ಕೆಳಗೊಂದು ಬೀದಿ, ಬೀದಿಯಲ್ಲಿ ಹನ್ನೆರಡು ಮನೆ. ಹಸುಗಳ ಕಿವಿಯಲ್ಲಿ ಒಂದರಿಂದ ಹನ್ನೆರಡರವರೆಗೆ ಹಳದಿ ಓಲೆ. ಮನೆಗಳ ಬಾಗಿಲ ಮೇಲೆ ಒಂದರಿಂದ ಹನ್ನೆರಡರವರೆಗೆ ನೀಲಿ ತಗಡು. ಇವಕ್ಕೂ ಅವಕ್ಕೂ ಏನೇನೂ ಸಂಬಂಧವಿರಲಿಲ್ಲ. ಸಂಬಂಧ ಕಲ್ಪಿಸಿದ ಪುಣ್ಯಾತ್ಮ ಹನ್ನೆರಡನೇ ಮನೆಯಲ್ಲಿ ಒಬ್ಬನೇ ವಾಸವಾಗಿದ್ದ.

ಅವನು ದನಗಳ ಕಚೇರಿಯ ಉಗ್ರಾಣದಲ್ಲಿ ಗುಮಾಸ್ತ. ಹಗ್ಗ, ಬಕೆಟ್ಟು, ಕೈಗವಸು, ಫಿನಾಯಿಲು, ಇವೇ ಅವನ ಪ್ರಜೆಗಳು. ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಅವನನ್ನು "ಇದೆಯಾ?" ಎಂಬುದೊಂದನ್ನು ಬಿಟ್ಟು ಬೇರೆ ಪ್ರಶ್ನೆ ಕೇಳಿರಲಿಲ್ಲ. ಅವನೂ "ಇದೆ, ತರ್ತೀನಿ" ಎಂಬುದೊಂದನ್ನು ಬಿಟ್ಟು ಬೇರೆ ಉತ್ತರ ಕೊಟ್ಟಿರಲಿಲ್ಲ.

ಗುಡ್ಡದ ಹಸುಗಳದು ವಿಚಿತ್ರ ಸಂಸಾರ. ಪೂರ್ತಿ ಕಾಡಿನವೂ ಅಲ್ಲ, ಪೂರ್ತಿ ಊರಿನವೂ ಅಲ್ಲ. ಹಗ್ಗ ಕಂಡರೆ ಮರಗಳ ನಡುವೆ ಮಾಯ. ಉಪ್ಪಿನ ಗಡ್ಡೆ ಕಂಡರೆ ತಾವಾಗಿಯೇ ಇಳಿದು ಬಂದು, ನೆಂಟರಂತೆ ನೆಕ್ಕಿ, ಹೇಳದೆ ಕೇಳದೆ ಹೊರಟುಹೋಗುವವು. ಅವಕ್ಕೊಂದು ಹೋರಿಯಿತ್ತು. ಅದು ಇರುವ ತನಕ ಕಚೇರಿಗೆ ಚಿಂತೆಯಿರಲಿಲ್ಲ. ಯಾವ ಹಸು ಯಾವಾಗ ಬೆದೆಗೆ ಬಂತು ಎಂಬುದನ್ನು, ಅಂದರೆ ಅದು ಗಬ್ಬ ಕಟ್ಟಲು ಹದವಾಗಿರುವ ಆ ಒಂದೇ ಒಂದು ದಿನವನ್ನು, ಹೋರಿ ಯಾವ ರಿಜಿಸ್ಟರೂ ನೋಡದೆ ತಿಳಿದುಕೊಳ್ಳುತ್ತಿತ್ತು. ಮೂರು ವರ್ಷದ ಹಿಂದೆ ಹೋರಿ ಸತ್ತಿತು. ಅದರ ಕೆಲಸದಲ್ಲಿ ಅರ್ಧವನ್ನು ದನದ ಡಾಕ್ಟರಮ್ಮನ ಗಬ್ಬ ಕಟ್ಟಿಸುವ ಇಂಜೆಕ್ಷನ್ ಡಬ್ಬಿ ವಹಿಸಿಕೊಂಡಿತು. ತಿಳಿದುಕೊಳ್ಳುವ ಅರ್ಧಕ್ಕೆ ಮಾತ್ರ ಆಳು ಸಿಗಲಿಲ್ಲ.

ಅದೇ ವಿಷಯಕ್ಕೆ ಸಭೆ ಸೇರಿತ್ತು. ಗುಮಾಸ್ತ ಕೈಗವಸಿನ ಪೆಟ್ಟಿಗೆ ಕೊಟ್ಟುಹೋಗಲು ಒಳಗೆ ಬಂದ. ಆ ಗಳಿಗೆಗೆ ಸರಿಯಾಗಿ ಡಾಕ್ಟರಮ್ಮ ಕೇಳಿದರು:

"ಬೆದೆ ಗುರುತಿಸೋದು ಯಾರಿಗಾದರೂ ಬರುತ್ತಾ?"

ಎಲ್ಲರೂ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಗುಮಾಸ್ತನಿಗೆ ಪ್ರಶ್ನೆಯ ಬಾಲ ಮಾತ್ರ ಕೇಳಿತು. ಹತ್ತೊಂಬತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು. "ಬರುತ್ತೆ ಅಮ್ಮ" ಎಂದುಬಿಟ್ಟ.

ಎಲ್ಲರೂ ತಿರುಗಿ ನೋಡಿದರು. ಅಷ್ಟು ಜನ ಏಕಕಾಲಕ್ಕೆ ತನ್ನನ್ನು ನೋಡಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಆ ನೋಟದ ಬಿಸಿಯಲ್ಲಿ ಅವನು ಸ್ವಲ್ಪ ಉಬ್ಬಿದ.

"ಮನೇಲಿ ದನ ಇದ್ದವಾ?"

"ಇತ್ತು ಅಮ್ಮ." ಇದ್ದದ್ದು ನಿಜ. ಮಣ್ಣಿನದು, ಗೇಣುದ್ದ, ಒಂದು ಕಾಲು ಮುರಿದಿತ್ತು. ಆದರೆ ಅವರು ಅಳತೆ ಕೇಳಲಿಲ್ಲವಲ್ಲ.

"ಹಾಗಾದರೆ ಕೇಳಿ" ಎಂದರು ಡಾಕ್ಟರಮ್ಮ. "ಉಳಿದ ಹನ್ನೊಂದು ಹೇಗೋ ನಡೆದುಕೊಂಡು ಹೋಗುತ್ತೆ. ತೊಂದರೆ ಇರೋದು ಏಳನೇ ನಂಬರಿಂದು. ಅದರದು ಮೂಕ ಬೆದೆ. ಕೂಗಲ್ಲ, ಕುಣಿಯಲ್ಲ, ಯಾರ ಹತ್ತಿರಾನೂ ಹೋಗಲ್ಲ. ಬರೋದೂ ಗೊತ್ತಾಗಲ್ಲ, ಹೋಗೋದೂ ಗೊತ್ತಾಗಲ್ಲ. ಮೂರು ವರ್ಷದಿಂದ ಕರು ಹಾಕಿಲ್ಲ. ಇನ್ನು ಎರಡೂವರೆ ತಿಂಗಳಿಗೆ ಲಾರಿ ಬರುತ್ತೆ. ಅಷ್ಟರೊಳಗೆ ಅದರ ಬೆದೆ ಹಿಡಿದು ಕೊಟ್ಟರೆ ಸರಿ. ಇಲ್ಲದಿದ್ದರೆ ಪಟ್ಟಿಯಿಂದ ತೆಗೀಬೇಕಾಗುತ್ತೆ."

ಪಟ್ಟಿಯಿಂದ ತೆಗೆದದ್ದನ್ನು ಲಾರಿ ಒಯ್ಯುತ್ತಿತ್ತು. ಲಾರಿ ಎಲ್ಲಿಗೆ ಒಯ್ಯುತ್ತದೆಂದು ಆ ಕಚೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

"ನಾನು ಹಿಡಿದುಕೊಡ್ತೀನಿ ಅಮ್ಮ. ಮಾತು ಕೊಟ್ಟೆ" ಎಂದ ಗುಮಾಸ್ತ. ಹೇಳಿದ ಮೇಲೆ, ಹೊರಗೆ ಬಂದು, ಬೆದೆ ಎಂದರೇನೆಂದು ಕಾವಲುಗಾರನನ್ನು ಗುಟ್ಟಾಗಿ ಕೇಳಿದ. ಕಾವಲುಗಾರ ಹೇಳಿದ. ಗುಮಾಸ್ತನ ಕಿವಿ ಎರಡು ದಿನ ಕೆಂಪಗಿತ್ತು.

ಅವನಿಗೊಂದು ದುರ್ಬೀನು, ಒಂದು ನೋಟ್‌ಬುಕ್ಕು, 'ಬೆದೆಯ ಲಕ್ಷಣಗಳು' ಎಂಬ ತೆಳ್ಳನೆಯ ಕೈಪಿಡಿ ಮತ್ತು ಗುಡ್ಡದ ಅಂಚಿನಲ್ಲೊಂದು ಮರದ ಅಟ್ಟಣೆ ಸಿಕ್ಕಿದವು. ಬೆಳಗ್ಗೆ ಮತ್ತು ಸಂಜೆ ಎರಡು ಹೊತ್ತು ಗಮನಿಸಬೇಕೆಂದು ಕೈಪಿಡಿ ಹೇಳುತ್ತಿತ್ತು. ಅವನು ಅದರ ಮಾತನ್ನು ಅಕ್ಷರಶಃ ಪಾಲಿಸಿದ. ನಡುಮಧ್ಯಾಹ್ನ ಮುಖದ ಮೇಲೆ ಟವೆಲು ಹಾಕಿಕೊಂಡು ಅಟ್ಟಣೆಯ ಮೇಲೇ ಮಲಗುತ್ತಿದ್ದ.

ಮೊದಲ ವಾರದ ವರದಿ ಹೀಗಿತ್ತು: "ಏಳನೆಯ ನಂಬರಿನ ಹಸುವು ಮಂಜಿನಲ್ಲಿ, ಯಾರೋ ಬರುತ್ತೇನೆಂದು ಹೇಳಿ ಬಾರದೇ ಹೋದವರಿಗಾಗಿ ಕಾಯುತ್ತಿರುವಂತೆ ನಿಂತುಕೊಂಡಿತ್ತು."

ಕಚೇರಿಯ ಮೇಲ್ವಿಚಾರಕ ಅದನ್ನು ಓದಿ, ಹಾಳೆ ಹರಿದು ಹಾಕಿ, ಕನ್ನಡಕ ತೆಗೆದಿಟ್ಟ.

"ಏನ್ರೀ ಇದು, ಕಾದಂಬರೀನಾ? ಕಾಲಂ ಇರೋದು ಎರಡು ಬೆರಳಗಲ. ನಿಂತುಕೊಂಡಿತ್ತು, ಕೂತುಕೊಂಡಿತ್ತು ಅಂತ ಬರೆದರೆ ಹಿಡಿಯುತ್ತಾ? ಕ್ರಿಯಾಪದ ಕತ್ತರಿಸ್ರೀ! 'ಒಂಟಿ' ಅಂತ ಬರೆದರೆ ನಮಗೆ ಅರ್ಥ ಆಗಲ್ವಾ? ಬೆದೆ ಅಂತ ಎಷ್ಟು ಸಲ ಬರೀತೀರಿ? 'ಬೆ' ಅಂತ ಹಾಕಿ, ಚುಕ್ಕೆ ಇಡಿ."

ಕನ್ನಡದಲ್ಲಿ ಕ್ರಿಯಾಪದ ಹೋಯಿತೆಂದರೆ ಅವನು, ಅವಳು, ಅದು ಎಲ್ಲವೂ ಹೋದವೆಂದೇ ಲೆಕ್ಕ. ಉಳಿಯುವುದು ಬರೀ ನಂಬರು, ಬರೀ ಲಕ್ಷಣ. ಇದು ಮುಂದೆ ಎಂಥ ಅನಾಹುತಕ್ಕೆ ದಾರಿಯಾಗುತ್ತದೆಂದು ಮೇಲ್ವಿಚಾರಕನಿಗೆ ತಿಳಿಯಲಿಲ್ಲ. ಮೇಲ್ವಿಚಾರಕರಿಗೆ ತಿಳಿಯುವ ಪದ್ಧತಿಯೂ ಇಲ್ಲ.

ಬೀದಿಯಲ್ಲಿ ಯಾರಿಗೂ ಗುಮಾಸ್ತನ ಹೊಸ ಕೆಲಸ ಗೊತ್ತಿರಲಿಲ್ಲ. ಹಳೆಯ ಕೆಲಸವೂ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅಲ್ಲಿದ್ದರೂ ಅವನು ಮನೆಗಳ ಹಿಂಬದಿಯ ಸಂದಿಯಲ್ಲೇ ಓಡಾಡುತ್ತಿದ್ದ. ಎದುರಿಗೆ ಯಾರಾದರೂ ಬಂದರೆ ನೀರಿನ ತೊಟ್ಟಿಯ ಮರೆಗೆ ಸರಿದು, ಚಪ್ಪಲಿಯಲ್ಲಿ ಕಲ್ಲು ಸೇರಿದವನಂತೆ ಬಗ್ಗಿಬಿಡುತ್ತಿದ್ದ. ಅವರು ದಾಟಿದ ಮೇಲೆ, "ಊಟ ಆಯ್ತಾ ಅಂತ ಕೇಳಬಹುದಿತ್ತು" ಎಂದುಕೊಳ್ಳುತ್ತಿದ್ದ. ಮನೆಗೆ ಬಂದು, ಬ್ರೆಡ್ಡು ಟೀಯಲ್ಲಿ ಅದ್ದಿಕೊಂಡು, ಆ ಪ್ರಶ್ನೆಯನ್ನು ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡುತ್ತಿದ್ದ. ಚೆನ್ನಾಗಿಯೇ ಕೇಳಿಸುತ್ತಿತ್ತು.

ಲಾರಿಗೆ ಹತ್ತು ದಿನವಿದ್ದಾಗ ಆ ಘಟನೆ ನಡೆಯಿತು. ಮೂರನೇ ಮನೆಯ ಹೊಲಿಗೆಯಕ್ಕ ಎದುರಿಗೆ ಬಂದರು. ಗುಮಾಸ್ತ ತೊಟ್ಟಿಯ ಮರೆಗೆ ಸರಿದು, ನೋಟ್‌ಬುಕ್ಕನ್ನು ಕಟ್ಟೆಯ ಮೇಲಿಟ್ಟು, ಇಲ್ಲದ ಕಲ್ಲನ್ನು ಚಪ್ಪಲಿಯಿಂದ ತೆಗೆದ. ಹೊಲಿಗೆಯಕ್ಕ ದಾಟಿದರು. ಅವನು ಹೊರಟ. ನೋಟ್‌ಬುಕ್ಕು ಹೊರಡಲಿಲ್ಲ.

ಸಂಜೆ ಐದಕ್ಕೆ ನಲ್ಲಿಯಲ್ಲಿ ನೀರು ಬರುವ ಹೊತ್ತು. ಬೀದಿಯ ಸಭೆ ಸೇರುವುದು ಅಲ್ಲೇ. ಹೊಲಿಗೆಯಕ್ಕ ಕೈಯಲ್ಲಿ ಆ ಪುಸ್ತಕ ಹಿಡಿದು, ಉಸಿರು ಬಿಗಿಹಿಡಿದು ಬಂದರು.

"ಹನ್ನೆರಡರವನದು! ಎಲ್ಲರ ಮನೆ ವಿಷಯಾನೂ ಬರೆದಿದ್ದಾನೆ! ನಂಬರು ಹಾಕಿ ಬರೆದಿದ್ದಾನೆ!"

"ಓದಮ್ಮ ನೋಡೋಣ" ಎಂದರು ಒಂದನೇ ಮನೆಯ ನಿವೃತ್ತ ಮೇಷ್ಟರು.

ಹೊಲಿಗೆಯಕ್ಕ ಓದಿದರು. "ಒಂದು. ಕೂಗು ಜಾಸ್ತಿ. ಕಾರಣ ಏನೂ ಇಲ್ಲ. ಹಲ್ಲು ಸವೆತ. ಬೆ. ಇನ್ನು ಅಸಾಧ್ಯ."

ಬಕೆಟ್ಟುಗಳ ನಡುವೆ ಒಂದು ನಗು ಹುಟ್ಟಿ, ಮೇಷ್ಟರ ಮುಖ ನೋಡಿ, ಅಲ್ಲೇ ಸತ್ತಿತು.

"ಬೆ ಅಂದರೆ?" ಎಂದರು ಮೇಷ್ಟರು, ಕೂಗಿ.

"ಅದೇ ತಿಳೀತಿಲ್ಲ. ಮುಂದೆ ಕೇಳಿ. ಮೂರು..." ಹೊಲಿಗೆಯಕ್ಕ ಮೂರನ್ನು ಮನಸ್ಸಿನಲ್ಲೇ ಓದಿಕೊಂಡು ಪುಟ ತಿರುಗಿಸಲು ಹೋದರು. ಮೇಷ್ಟರು ಪುಸ್ತಕ ಕಿತ್ತುಕೊಂಡರು.

"ಮೂರು. ಸದಾ ಅಗಿತ. ಎಲ್ಲರ ಹಿಂದೆ ಮೂಗು" ಎಂದು ಓದಿ, ತೃಪ್ತಿಯಿಂದ ಮುಂದುವರಿದರು. "ನಾಲ್ಕು ಮತ್ತು ಐದು. ಮತ್ತೆ ಜೊತೆ. ಹಗಲೆಲ್ಲ ಕುತ್ತಿಗೆಗೆ ಕುತ್ತಿಗೆ. ಮೂಸಾಟ."

ನಾಲ್ಕನೇ ಮನೆಯ ಮಾಜಿ ಪೋಸ್ಟ್‌ಮ್ಯಾನಿಗೂ ಐದನೇ ಮನೆಯ ಬಸ್ ಡ್ರೈವರಿಗೂ ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ನಾನು ಇವನನ್ನ ಮೂಸಿದ್ನಾ?" ಎಂದು ಡ್ರೈವರು ಅಬ್ಬರಿಸಿದ.

"ನೀನು ಬಂದರೆ ತಾನೇ ನಾನು ಮೂಸೋಕೆ ಬಿಡೋದು!" ಎಂದ ಪೋಸ್ಟ್‌ಮ್ಯಾನ್. ಎರಡು ವರ್ಷದಲ್ಲಿ ಅವರಾಡಿದ ಮೊದಲ ಮಾತು ಅದು. ಆಮೇಲೆ ಅರ್ಧ ಗಂಟೆ ನಿಲ್ಲಿಸಲಿಲ್ಲ.

ಒಂಬತ್ತನೇ ಮನೆಯ ಬೇಕರಿಯವನ ಸರದಿ ಬಂತು. "ಒಂಬತ್ತು. ಬೆ. ಖಚಿತ. ಸಂಜೆ ಇಂಜೆಕ್ಷನ್. ಎರಡು ದಿನ ಕಟ್ಟಿಹಾಕುವುದು ಉತ್ತಮ." ಬೇಕರಿಯವನು ಬಕೆಟ್ಟಿನ ಮೇಲೆ ಕುಸಿದು ಕುಳಿತ.

"ಬೆ ಅಂದರೆ ಬೆಪ್ಪು" ಎಂದು ತೀರ್ಪಿತ್ತರು ಮೇಷ್ಟರು. "ಅಥವಾ ಬೆರಕಿ. ಸರ್ಕಾರದವರು ಗುಟ್ಟಾಗಿ ಪಟ್ಟಿ ಮಾಡಿಸ್ತಾ ಇದ್ದಾರೆ. ನೋಡಿ, ಓದಿದಷ್ಟರಲ್ಲಿ ಒಂದು ಕ್ರಿಯಾಪದ ಇಲ್ಲ! ಮೂವತ್ತು ವರ್ಷ ವ್ಯಾಕರಣ ಹೇಳಿದವನು ನಾನು. ಕ್ರಿಯಾಪದ ಮುಚ್ಚಿಡೋನು ಏನನ್ನಾದರೂ ಮುಚ್ಚಿಡ್ತಾನೆ. ಹನ್ನೆರಡಕ್ಕೆ ಏನು ಬರಕೊಂಡಿದ್ದಾನೆ ನೋಡೋಣ."

ಪುಟ ಹುಡುಕಿದರು. "ಹನ್ನೆರಡು. ಗಮನಾರ್ಹ ಏನೂ ಇಲ್ಲ."

ಪ್ರತಿ ಪುಟದಲ್ಲೂ ಹಾಗೆಯೇ ಇತ್ತು. ಕಿರಿಯ ಕಡಸೊಂದರ ವಿಷಯವದು. ಬೀದಿಗೆ ಮಾತ್ರ ಅದು ಅವನ ಕಳ್ಳತನದ ಸಾಕ್ಷಿಯಾಗಿ ಕಂಡಿತು.

"ಏಳಕ್ಕೆ ಏನಿದೆ?" ಎಂದು ಯಾರೋ ಕೇಳಿದರು.

ಏಳಕ್ಕೆ ಅರ್ಧ ಪುಸ್ತಕವೇ ಇತ್ತು. ಮೇಷ್ಟರು ಓದತೊಡಗಿದರು. "ಏಳು. ಒಂಟಿ. ಎಲ್ಲರಿಂದ ಇಪ್ಪತ್ತು ಹೆಜ್ಜೆ ದೂರ. ಏಳು. ಆಹಾರ ಅರ್ಧ. ನಂತರ ಗುಡ್ಡದ ಕಡೆ ದೃಷ್ಟಿ, ನಲವತ್ತು ನಿಮಿಷ. ಏಳು. ಮಳೆ. ಆದರೂ ಹೊರಗೆ. ಏಳು. ಇವತ್ತೂ ಸದ್ದಿಲ್ಲ. ಬೆ. ಇಲ್ಲ. ನಾಳೆ ನೋಡೋಣ."

ಓದುತ್ತ ಓದುತ್ತ ಮೇಷ್ಟರ ದನಿ ತಗ್ಗಿತು. ಏಳನೇ ಮನೆಯಲ್ಲಿದ್ದದ್ದು ನೀರಮ್ಮ. ಗುಡ್ಡದ ಬುಡದ ಪಂಪ್‌ಹೌಸಿನಲ್ಲಿ ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಬೀದಿಗೆ ನೀರು ಬಿಡುವಾಕೆ. ನಲ್ಲಿಯ ಸಭೆಗೆ ಆಕೆ ಎಂದೂ ಬಂದದ್ದಿಲ್ಲ. ನೀರು ಬರುವಾಗ ಆಕೆ ಪಂಪಿನ ಹತ್ತಿರ ಇರಲೇಬೇಕಲ್ಲ. ಹನ್ನೊಂದು ವರ್ಷದಲ್ಲಿ ಬೀದಿಗೆ ಆ ವಿಷಯ ಹೊಳೆದದ್ದು ಆ ಗಳಿಗೆಯಲ್ಲೇ. ಹೊಳೆದದ್ದು ಬಹಳ ಹೊತ್ತು ನಿಲ್ಲಲಿಲ್ಲ.

"ಅಯ್ಯಯ್ಯೋ!" ಎಂದರು ಹೊಲಿಗೆಯಕ್ಕ. "ಇವನು ಅವಳನ್ನ ನೋಡ್ತಾ ಕೂತಿದ್ದಾನೆ! ಅದಕ್ಕೇ ಕುತ್ತಿಗೇಲಿ ದುರ್ಬೀನು!"

ಮರುದಿನ ಮೇಷ್ಟರ ನೇತೃತ್ವದಲ್ಲಿ ಬೀದಿ ಹನ್ನೆರಡನೇ ಮನೆಯ ಬಾಗಿಲು ತಟ್ಟಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮನೆಗೆ ಜನ ಬಂದದ್ದು ಕಂಡು ಗುಮಾಸ್ತ ಗಾಬರಿಗೆ "ಊಟ ಆಯ್ತಾ?" ಎಂದ. ಬೆಳಗಿನ ಎಂಟು ಗಂಟೆ.

"ಬೆ ಅಂದರೆ ಏನು?" ಎಂದು ಕೂಗಿದರು ಮೇಷ್ಟರು.

ಗುಮಾಸ್ತ ಪುಸ್ತಕ ನೋಡಿದ, ನಂಬರು ನೋಡಿದ, ಬಾಗಿಲ ಮೇಲಿನ ನೀಲಿ ತಗಡು ನೋಡಿದ. ಎಲ್ಲವೂ ಅರ್ಥವಾಯಿತು. ಒಂದೇ ಒಂದು ಪದ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಹೊಲಿಗೆಯಕ್ಕನಿದ್ದರು, ಡ್ರೈವರನ ಹೆಂಡತಿಯಿದ್ದರು, ಹಿಂದಿನ ಸಾಲಿನಲ್ಲಿ ಇನ್ನೂ ಐದಾರು ಹೆಂಗಸರಿದ್ದರು. ಅಷ್ಟು ಜನರ ಮುಂದೆ ಆ ಪದವೇ? ಕಿವಿ ಕೆಂಪಾಯಿತು.

"ಅದು... ಕಚೇರಿ ವಿಷಯ" ಎಂದ.

"ನೋಡಿದ್ರಾ!" ಎಂದರು ಮೇಷ್ಟರು.

ಎಲ್ಲರೂ ಹೋದ ಮೇಲೆ ಬೇಕರಿಯವನು ಒಬ್ಬನೇ ವಾಪಸು ಬಂದು, ಒಂದು ಪೊಟ್ಟಣ ಬನ್ನು ಕೈಗಿಟ್ಟು, ಪಿಸುಗುಟ್ಟಿದ. "ಸಾರ್, ಇಂಜೆಕ್ಷನ್ ಎಲ್ಲಿಗೆ ಕೊಡ್ತಾರೆ? ಸೊಂಟಕ್ಕಾ? ಕಟ್ಟಿಹಾಕಬೇಡಿ ಅಂತ ಹೇಳಿ ಸಾರ್. ನಾನೇ ಅಲ್ಲಾಡದೆ ನಿಂತ್ಕೋತೀನಿ."

ಅಷ್ಟರಲ್ಲಿ ಹೊಲಿಗೆಯಕ್ಕ, ಪುಸ್ತಕದ ರಟ್ಟಿನೊಳಗೆ ಬರೆದಿದ್ದ ನಂಬರು ಹಿಡಿದು, ಪರವೂರಿನಲ್ಲಿದ್ದ ಗುಮಾಸ್ತನ ಅಕ್ಕನಿಗೆ ಫೋನು ಮಾಡಿಯಾಗಿತ್ತು. ಎರಡು ಬಸ್ಸು ಬದಲಾಯಿಸಿ ಅಕ್ಕ ಬಂದಿಳಿದರು. ಬೈಯುತ್ತಾರೆಂದು ಬೀದಿ ಕಾದಿತ್ತು. ಅಕ್ಕ ನಲ್ಲಿಕಟ್ಟೆಯಲ್ಲೇ ಕುಳಿತು ಏಳರ ಪುಟಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೆ ಅಂದರೆ ಬೆಸುಗೆ. ಅಷ್ಟೂ ತಿಳಿಯಲ್ವೇನ್ರೀ ನಿಮಗೆ?" ಎಂದರು. "'ಬೆ. ಇಲ್ಲ. ನಾಳೆ ನೋಡೋಣ.' ಪಾಪ, ಪ್ರತಿ ದಿನ ಬರೆದಿದ್ದಾನೆ. ನಲವತ್ತೈದು ವರ್ಷ ಆದ ಮೇಲಾದರೂ ನನ್ನ ತಮ್ಮನಿಗೆ ಬುದ್ಧಿ ಬಂತಲ್ಲ!"

ಗುಮಾಸ್ತ ಅಟ್ಟಣೆಯಿಂದ ಇಳಿದು ಬರುವಷ್ಟರಲ್ಲಿ ಅಕ್ಕ ಏಳನೇ ಮನೆಗೆ ಹೋಗಿ, ತಮ್ಮನ ಪರವಾಗಿ ಸಂಬಂಧ ಕೇಳಿ, ಪುಸ್ತಕವನ್ನೇ ಸಾಕ್ಷಿಯಾಗಿ ಕೊಟ್ಟು ಬಂದಿದ್ದರು.

"ಏನಂದರು?" ಎಂದು ಕೇಳಿದ, ಗಂಟಲಲ್ಲಿ ಬನ್ನು ಸಿಕ್ಕಿಸಿಕೊಂಡು.

"ಏನೂ ಅನ್ನಲಿಲ್ಲ ಕಣೋ. ಓದಿದಳು. ಬಾಗಿಲು ಹಾಕಿಕೊಂಡಳು. ನಾಚಿಕೆ ಇರಬೇಕು."

"ಅಕ್ಕಾ, ಅದು ಹಸು!"

"ಥೂ! ಹಾಗನ್ನಬಾರದು. ಸಾಧು ಹೆಂಗಸು ಅನ್ನು."

ಲಾರಿಗೆ ಐದು ದಿನವಿತ್ತು. ಮಧ್ಯಾಹ್ನದ ಹೊತ್ತಿಗೆ ಅಟ್ಟಣೆಯ ಏಣಿ ಕಿರುಗುಟ್ಟಿತು. ಗುಮಾಸ್ತ ಮುಖದ ಮೇಲಿನ ಟವೆಲು ಸರಿಸಿದರೆ, ನೀರಮ್ಮ. ಆಕೆಯ ಕೈಯಲ್ಲಿ ನೋಟ್‌ಬುಕ್ಕಿತ್ತು. ಅಟ್ಟಣೆಯ ಮೇಲೆ ಸರಿದು ಅವಿತುಕೊಳ್ಳಲು ತೊಟ್ಟಿಯಿರಲಿಲ್ಲ. ಎರಡು ಕಡೆ ಗಾಳಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರಮ್ಮ.

"ನಾನು ಮಳೆಯಲ್ಲಿ ಹೊರಗೆ ನಿಂತಿದ್ದು ಯಾವತ್ತು ನೋಡಿದಿರಿ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ವಾಲ್ವು ಕೆಟ್ಟಿತ್ತು ಆವತ್ತು. ಒಂದು ಗಂಟೆ ನೆನೆದೆ. ಬೀದೀಲಿ ಎಲ್ಲರೂ ನೀರು ಬಂದಿಲ್ಲ ಅಂತ ಬೈದರೇ ಹೊರತು, ನಾನು ನೆನೀತಾ ಇದ್ದೀನಿ ಅಂತ ಯಾರೂ ನೋಡಿದ ಹಾಗಿರಲಿಲ್ಲ."

ಗುಮಾಸ್ತನಿಗೆ ಸುಳ್ಳು ಹೇಳಿಬಿಡೋಣವೆನಿಸಿತು. ಅವನ ಜೀವನದಲ್ಲಿ ಒಂದು ಸುಳ್ಳಿಗೆ ಅಷ್ಟು ಒಳ್ಳೆಯ ಅವಕಾಶ ಹಿಂದೆಂದೂ ಒದಗಿರಲಿಲ್ಲ. ಆದರೆ ಅವನು ದುರ್ಬೀನನ್ನು ಆಕೆಯ ಕೈಗೆ ಕೊಟ್ಟು, ಉಪ್ಪಿನ ಗಡ್ಡೆಯ ಕಡೆಗೆ ಬೆರಳು ತೋರಿಸಿದ.

ನೀರಮ್ಮ ನೋಡಿದರು. ಹನ್ನೊಂದು ಹಸು ಒತ್ತೊತ್ತಾಗಿ ಮಲಗಿದ್ದವು. ಇಪ್ಪತ್ತು ಹೆಜ್ಜೆ ಆಚೆ ಒಂದು, ಬೆನ್ನು ತಿರುಗಿಸಿ ನಿಂತಿತ್ತು. ಅದರ ಕಿವಿಯ ಹಳದಿ ಓಲೆಯ ಮೇಲೆ ೭.

ಬಹಳ ಹೊತ್ತು ಆಕೆ ದುರ್ಬೀನು ಕೆಳಗಿಳಿಸಲಿಲ್ಲ.

"ಅಂದರೆ ಇದು ನಾನಲ್ಲ" ಎಂದರು ಕೊನೆಗೆ.

"ಅಲ್ಲ."

"ಒಂದು ಪುಟಾನೂ ಅಲ್ವಾ?"

"ಅಲ್ಲ ಮೇಡಂ."

ನೀರಮ್ಮ ನಕ್ಕರು. ನಗು ಸ್ವಲ್ಪ ದೂರ ಹೋಗಿ ದಾರಿ ತಪ್ಪಿತು. "ಮೂರು ಸಲ ಓದಿದೆ. ಎಷ್ಟು ಸರಿಯಾಗಿ ಬರೆದಿದ್ದಾರಪ್ಪ ಅಂದ್ಕೊಂಡೆ" ಎಂದು, ಪುಸ್ತಕವನ್ನು ಅವನ ಪಕ್ಕದಲ್ಲಿಟ್ಟು, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಹಾಗೇ ನಿಂತರು. "ಏನು ಹುಡುಕ್ತಾ ಇದ್ದೀರಿ ಅದರಲ್ಲಿ?"

ಗುಮಾಸ್ತ ಗುಡ್ಡಕ್ಕೆ ಮುಖ ಮಾಡಿ, ಗುಡ್ಡಕ್ಕೇ ಹೇಳುವವನಂತೆ, ಮೂಕ ಬೆದೆಯ ವಿಷಯ ಹೇಳಿದ. ಲಾರಿಯ ವಿಷಯ ಹೇಳಿದ. ಇಪ್ಪತ್ತೊಂದು ದಿನಕ್ಕೊಮ್ಮೆ ಬರಬೇಕಾದದ್ದು ಎಪ್ಪತ್ತು ದಿನದಲ್ಲಿ ಒಮ್ಮೆಯೂ ತನ್ನ ಕಣ್ಣಿಗೆ ಬಿದ್ದಿಲ್ಲವೆಂದ. ಮನೆಯಲ್ಲಿದ್ದ ಹಸು ಮಣ್ಣಿನದೆಂಬುದನ್ನೂ ಹೇಳಿಬಿಟ್ಟ. ಒಂದು ಕಾಲು ಮುರಿದಿತ್ತೆಂದೂ.

"ಇಪ್ಪತ್ತೊಂದು ದಿನ ಅಂದರೆ ಮೂರು ವಾರ" ಎಂದರು ನೀರಮ್ಮ. "ಮೂರು ವಾರಕ್ಕೊಂದು ಸಲ ಅದು ನನ್ನ ಪಂಪ್‌ಹೌಸಿಗೆ ಬರುತ್ತೆ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಟ್ಯಾಂಕು ತುಂಬೋಕೆ ಮೋಟರು ಓಡ್ತಾ ಇರುತ್ತಲ್ಲ, ಹಿಂದಿನ ಗೋಡೆ ಬೆಚ್ಚಗೆ ನಡುಗ್ತಾ ಇರುತ್ತೆ. ಆ ಮೋಟು ಗೋಡೆ ಮೇಲೆ ಗಲ್ಲ ಇಟ್ಟು ನಿಂತುಬಿಡುತ್ತೆ, ಒಂದೊಂದು ಗಂಟೆ."

ಗುಮಾಸ್ತ ಕೈಪಿಡಿ ತೆರೆದ. ಆರನೇ ಲಕ್ಷಣ: 'ಇನ್ನೊಂದರ ಬೆನ್ನ ಮೇಲೆ ಗಲ್ಲ ಇಡುವುದು.' ಗೋಡೆಯ ವಿಷಯ ಬರೆದಿರಲಿಲ್ಲ.

"ಹೋದ ಸಲ ಯಾವತ್ತು ಬಂದಿತ್ತು?"

"ಹದಿನೇಳು ದಿನ ಆಯ್ತು."

"ಅಷ್ಟು ಖಚಿತವಾಗಿ ಹೇಗೆ..."

"ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕೆ ಇಡ್ತೀನಿ" ಎಂದರು ನೀರಮ್ಮ, ಏಣಿ ಇಳಿಯುತ್ತ. "ಅವತ್ತು ಊಟಕ್ಕೆ ಒಬ್ಬರು ಜೊತೆಗಿದ್ದ ಹಾಗಿರುತ್ತೆ."

ಹದಿನೇಳಕ್ಕೆ ನಾಲ್ಕು ಸೇರಿದರೆ ಇಪ್ಪತ್ತೊಂದು. ಅದು ಲಾರಿ ಬರುವ ಹಿಂದಿನ ದಿನ. ಆದರೆ ಗೋಡೆಯ ಸಾಕ್ಷಿ ಡಾಕ್ಟರಮ್ಮನಿಗೆ ಸಾಲದು. ಇನ್ನೊಂದು ಹಸು ಮೇಲೆ ಹತ್ತಲು ಬಂದಾಗ ಸರಿಯದೆ ನಿಲ್ಲಬೇಕು. ಅದೊಂದೇ ಖಚಿತ ಲಕ್ಷಣ ಎಂದು ಕೈಪಿಡಿ ದಪ್ಪ ಅಕ್ಷರದಲ್ಲಿ ಸಾರಿತ್ತು. ಹಾಗಾದರೆ ಉಳಿದ ಹಸುಗಳೂ ಪಂಪ್‌ಹೌಸಿಗೆ ಬರಬೇಕು. ಅವು ಬರಬೇಕಾದರೆ ಉಪ್ಪು ಬರಬೇಕು. ಉಪ್ಪಿನ ಗಡ್ಡೆಗೆ ಕಾಲಿಲ್ಲ.

ಆ ದಿನ ಬೆಳಗ್ಗೆ, ಒಂದು ಮಣ ತೂಗುವ ಉಪ್ಪಿನ ಗಡ್ಡೆ ಹೊತ್ತು, ಬೆವರು ಕಣ್ಣಿಗಿಳಿದು ಕುರುಡನಂತೆ ಗುಮಾಸ್ತ ನಡುಬೀದಿಯಲ್ಲಿ ಹಾದುಹೋದ. ಹಿಂಬದಿಯ ಸಂದಿಯಲ್ಲಿ ಗಡ್ಡೆ ಹಿಡಿಯುತ್ತಿರಲಿಲ್ಲ. ಬೀದಿ ಹಿಂದೆಯೇ ಹೊರಟಿತು.

"ಇವತ್ತೇ ಇಂಜೆಕ್ಷನ್ನು ಇರಬೇಕು" ಎಂದು ನಡುಗಿದ ಬೇಕರಿಯವನು.

"ಹುಡುಗಿಗೆ ಉಡುಗೊರೆ ಅಂತ ಉಪ್ಪಾ ಕೊಡೋದು?" ಎಂದು ಹಣೆ ಚಚ್ಚಿಕೊಂಡರು ಅಕ್ಕ. "ಇವನಿಗೆ ಒಂದೂ ಗೊತ್ತಿಲ್ಲ."

ಹನ್ನೆರಡು ಗಂಟೆಗೆ ಪಂಪ್‌ಹೌಸಿನ ಬೇಲಿಯ ಈಚೆ ಇಡೀ ಬೀದಿ ನಿಂತಿತ್ತು. ಒಳಗೆ ಮೋಟರು ಗುಂಯ್‌ಗುಡುತ್ತಿತ್ತು. ಹಸುಗಳು ಒಂದೊಂದಾಗಿ ಮರಗಳಿಂದ ಇಳಿದು ಬಂದು ಉಪ್ಪಿಗೆ ಮುತ್ತಿದವು. ಏಳು ಬರಲಿಲ್ಲ. ಹನ್ನೆರಡೂವರೆ. ಬರಲಿಲ್ಲ. ನೀರಮ್ಮ ಬಾಗಿಲಲ್ಲಿ ಕುಳಿತು, ಊಟದ ಡಬ್ಬಿ ತೆರೆಯದೆ ಮಡಿಲಲ್ಲಿಟ್ಟುಕೊಂಡಿದ್ದರು. ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಏಳು ಬಂತು. ಉಪ್ಪಿನ ಕಡೆ ಕಣ್ಣೂ ಹಾಯಿಸದೆ, ಸೀದಾ ಹಿಂದಿನ ಗೋಡೆಗೆ ಹೋಗಿ, ಗಲ್ಲ ಇಟ್ಟು, ಕಣ್ಣು ಮುಚ್ಚಿತು.

"ಗೋಡೆ ಬಿಟ್ಟು ಅವುಗಳ ಹತ್ತಿರ ಹೋದೀತು. ಮೋಟರು ನಿಲ್ಲಿಸಲಾ?" ಎಂದು ನೀರಮ್ಮ ಮೆಲ್ಲಗೆ ಕೇಳಿದರು.

"ನಿಲ್ಲಿಸಿದರೆ ಹೊರಟುಹೋದರೆ?"

"ಹೊರಟುಹೋಗಬಹುದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗುಮಾಸ್ತ ತಲೆಯಾಡಿಸಿದ. ನೀರಮ್ಮ ಒಳಗೆ ಹೋಗಿ ಸ್ವಿಚ್ಚು ಒತ್ತಿದರು. ಗುಂಯ್ ನಿಂತಿತು. ಗೋಡೆಯ ನಡುಕ ನಿಂತಿತು. ಏಳು ಕಣ್ಣು ತೆರೆಯಿತು. ತಲೆಯೆತ್ತಿ ಗುಡ್ಡ ನೋಡಿತು, ಹಸುಗಳನ್ನು ನೋಡಿತು. ಒಂದು ಹೆಜ್ಜೆ ಗುಡ್ಡದ ಕಡೆಗೆ ಇಟ್ಟಿತು. ನಿಂತಿತು. ಆಮೇಲೆ ತಿರುಗಿ, ಇಪ್ಪತ್ತು ಹೆಜ್ಜೆ ನಡೆದು ಬಂದು, ನಾಲ್ಕನೆಯದರ ಬೆನ್ನ ಮೇಲೆ ಗಲ್ಲ ಇಟ್ಟಿತು.

ನಾಲ್ಕು ಅದನ್ನು ಮೂಸಿತು. ಸುತ್ತಿ ಬಂದು, ಮುಂಗಾಲೆತ್ತಿ, ಅದರ ಮೇಲೆ ಹತ್ತಿತು. ಏಳು ಸರಿಯಲಿಲ್ಲ. ತನ್ನ ನಾಲ್ಕೂ ಕಾಲೂರಿ, ಅಲ್ಲಾಡದೆ, ಅಷ್ಟೂ ಭಾರ ಹೊತ್ತು ನಿಂತಿತು.

ಗುಮಾಸ್ತನ ಬಾಯಿಯಿಂದ, ಅವನಿಗೇ ಗುರುತು ಸಿಗದಷ್ಟು ದೊಡ್ಡ ದನಿಯಲ್ಲಿ ಆ ಪದ ಹೊರಟಿತು.

"ಬೆದೆ! ಏಳನೇ ನಂಬರು ಬೆದೆಗೆ ಬಂತು! ಬೆದೆಗೆ ಬಂತೂ!"

ಗುಡ್ಡ ಅದನ್ನು ಎರಡು ಸಲ ಮರುನುಡಿಯಿತು. ಗುಮಾಸ್ತ ಕಚೇರಿಗೆ ಫೋನು ಮಾಡಲು ಓಡಿದ. ಬೀದಿ ಹಸುಗಳ ಕಿವಿ ನೋಡಿತು. ಒಂದು, ಮೂರು, ನಾಲ್ಕು, ಐದು, ಒಂಬತ್ತು. ಮೇಷ್ಟರು ಒಂದನೇ ನಂಬರಿನ ಬೊಚ್ಚು ಬಾಯಿಯನ್ನು ಬಹಳ ಹೊತ್ತು ದಿಟ್ಟಿಸಿದರು.

"ನಪುಂಸಕಲಿಂಗ!" ಎಂದರು ಕೊನೆಗೆ. "ನನಗೆ ಮೊದಲೇ ಅನುಮಾನ ಇತ್ತು."

"ಹಾಗಾದರೆ ನನಗೆ ಇಂಜೆಕ್ಷನ್ ಇಲ್ವಾ?" ಎಂದ ಬೇಕರಿಯವನು. ನೆಮ್ಮದಿಯ ಜೊತೆಗೆ ಏನೋ ಸ್ವಲ್ಪ ನಿರಾಸೆಯೂ ಇದ್ದಂತಿತ್ತು. ವಾರವಿಡೀ ಸರ್ಕಾರ ತನ್ನ ಬಗ್ಗೆ ಯೋಚಿಸುತ್ತಿದೆಯೆಂದು ನಂಬಿದ್ದನಲ್ಲ. ಅಕ್ಕ ಮಾತ್ರ, ಸಂಜೆಯ ಬಸ್ಸಿಗೆ ಚೀಲ ಕಟ್ಟುವಾಗಲೂ, "ಹಸು ಬೇರೆ, ಬೆಸುಗೆ ಬೇರೆ. ನಾನು ಕೇಳಿದ್ದು ಕೇಳಿದ್ದೇ" ಎನ್ನುತ್ತಿದ್ದರು.

ಮಧ್ಯಾಹ್ನ ನಿಂತದ್ದಕ್ಕೆ ಮರುದಿನ ನಸುಕಿಗೆ ಇಂಜೆಕ್ಷನ್ ಎಂಬುದು ಡಾಕ್ಟರಮ್ಮನ ಲೆಕ್ಕ. ಏಳನ್ನೂ, ಅದು ಹೆದರದಿರಲೆಂದು ನಾಲ್ಕನ್ನೂ, ಉಪ್ಪು ತೋರಿಸಿ ಪಂಪ್‌ಹೌಸಿನ ಪಕ್ಕದ ದೊಡ್ಡಿಗೆ ಹೊಗಿಸಿದ್ದರು. ಬೆಳಗಾಗುತ್ತಲೇ ಏಳನ್ನು ಎರಡು ಕಡೆ ಅಡ್ಡಗೋಲು ಹಾಕಿದ ಇಕ್ಕಟ್ಟು ಓಣಿಗೆ ತಂದರು. ಡಾಕ್ಟರಮ್ಮ ಉದ್ದ ಕೈಗವಸು ಏರಿಸಿಕೊಂಡರು. ದೊಡ್ಡಿಯ ಬಾಗಿಲಲ್ಲಿ ಲಾರಿ ಬಂದು ನಿಂತಿತ್ತು. ಲಾರಿಯವನು ಎಂಜಿನ್ ಆರಿಸಿರಲಿಲ್ಲ. ಅವನ ಕೈಯ ಪಟ್ಟಿಯಲ್ಲಿದ್ದದ್ದು ಒಂದೇ ನಂಬರು.

ಗುಮಾಸ್ತ ಹಸುವಿನ ಮುಖದ ಹತ್ತಿರ ನಿಂತಿದ್ದ. ಎಪ್ಪತ್ತೈದು ದಿನ ದುರ್ಬೀನಿನಲ್ಲಿ ನೋಡಿದ ಕಣ್ಣು ಈಗ ಒಂದು ಗೇಣಿನಾಚೆ ಇತ್ತು. ಅದರಲ್ಲಿ ಅವನು ಕಾಣುತ್ತಿದ್ದ, ಬಹಳ ಸಣ್ಣಗೆ. ಬೇಲಿಯಾಚೆ ನೀರಮ್ಮ ನಿಂತಿದ್ದರು.

ಗಂಟೆ ಆರು ಹೊಡೆಯಿತು. ಆರೂ ಹತ್ತಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ವಾಲ್ವು ಕೆಡದೆಯೂ ಬೀದಿಯ ನಲ್ಲಿ ಒಣಗಿ ನಿಂತಿತು. ಮೊದಲು ಒಂದು ಬಕೆಟ್ಟು ಸದ್ದು ಮಾಡಿತು, ಆಮೇಲೆ ಹತ್ತು. "ನೀರೂ!" ಎಂದು ಮೇಷ್ಟರು ಕೂಗಿದ್ದು ಗುಡ್ಡದ ಬುಡದವರೆಗೂ ಕೇಳಿತು. ನೀರಮ್ಮ ಕದಲಲಿಲ್ಲ.

"ಮೇಡಂ, ನೀರು..." ಎಂದ ಗುಮಾಸ್ತ.

"ಇರಲಿ, ಕೂಗಲಿ" ಎಂದರು ನೀರಮ್ಮ. "ಇದು ಮುಗೀಲಿ."

ಏಳು ಒಮ್ಮೆ ನಡುಗಿತು. ಡಾಕ್ಟರಮ್ಮ ಕೊಳವೆ ಹೊರಗೆ ತೆಗೆದು, ಕೈಗವಸು ಕಳಚಿ, ಅದರ ಸೊಂಟಕ್ಕೆ ಮೆತ್ತಗೆ ಒಂದು ಏಟು ಕೊಟ್ಟರು.

"ಸರಿಯಾದ ಹೊತ್ತಿಗೇ ಹಿಡಿದಿದ್ದೀರಿ" ಎಂದರು. ಲಾರಿಯವನ ಕೈಯಿಂದ ಪಟ್ಟಿ ಇಸಿದುಕೊಂಡು, ಒಂದು ಗೀಟು ಎಳೆದು, ವಾಪಸು ಕೊಟ್ಟರು. ಲಾರಿ ಖಾಲಿ ಗಡಗಡಿಸುತ್ತ ಹೊರಟುಹೋಯಿತು.

"ಆಯ್ತಾ?" ಎಂದು ಬೇಲಿಯಾಚೆಯಿಂದ ನೀರಮ್ಮ ಕೇಳಿದರು.

"ಆಯ್ತು" ಎಂದ ಗುಮಾಸ್ತ.

ಆಕೆ ವಾಲ್ವಿನ ಕಡೆ ನಡೆದರು. ಅವನು ಅಡ್ಡಗೋಲು ಎತ್ತಿದ.